ಕಾಜಾ

ಕಿಟಕಿಗೆ ಕಪ್ಪು ಪರದೆ ಇರಲಿಲ್ಲ.
ಹೋದ ಚುನಾವಣೆಯ ಫ್ಲೆಕ್ಸ್ ತಿರುಗಿಸಿ ಕಟ್ಟಿದೆವು.
ಬಿಸಿಲು ಏರಿದಂತೆ ಅದರ ಬಿಳಿ ಬೆನ್ನಿನಿಂದ
ಒಬ್ಬ ಅಭ್ಯರ್ಥಿ ಉಲ್ಟಾ ಕೈಮುಗಿಯುತ್ತಲೇ ಇದ್ದ,
ಲಂಡನ್ನಿನಲ್ಲಿ ಸಿನಿಮಾ ಶುರುವಾದಾಗ.

ಶಿವಮೊಗ್ಗ, ನಾಲ್ಕನೇ ಸೆಮಿಸ್ಟರ್, ಹನ್ನೊಂದು ಮಂದಿ.
ನಾನು ಗಂಟೆ ಲೆಕ್ಕದ ಅತಿಥಿ.
ಬೋರ್ಡಿನಲ್ಲಿ ಬರೆದೆ: ನೋಡುವುದೆಂದರೆ ಎಣಿಸುವುದು.
ಶಾಟ್ ಎಷ್ಟು ಸೆಕೆಂಡು, ಕ್ಯಾಮೆರಾ ಎಲ್ಲಿ ಮಂಡಿಯೂರಿದೆ,
ಯಾರ ಮುಖಕ್ಕೆ ಬೆಳಕು, ಯಾರ ಬೆನ್ನಿಗೆ.

ಗೂಢಚಾರ ರೈಲಿನ ನೆತ್ತಿಯ ಮೇಲೆ ಓಡಿದ.
ನಮ್ಮ ತಾಳಗುಪ್ಪದ ಪ್ಯಾಸೆಂಜರಾಗಿದ್ದರೆ
ಹಾರುವ ಮೊದಲು ಕುಂಸಿಯಲ್ಲಿಳಿದು
ಒಂದು ಚಾ ಕುಡಿಯಬಹುದಿತ್ತು, ಎಂದಿತು ಹಿಂದಿನ ಬೆಂಚು.
ನಗು ಮುಗಿಯುವ ಮೊದಲೇ ಸೇತುವೆ ಮುರಿಯಿತು,
ಬೋಗಿಗಳು ಒಂದರ ಹಿಂದೊಂದು ನದಿಗಿಳಿದವು.
ಆತ ಮಾತ್ರ ದಡದಲ್ಲಿ ನಿಂತು
ತೋಳಿನ ಗುಂಡಿ ಸರಿಮಾಡಿಕೊಂಡ.

ನಿಲ್ಲಿಸಿದೆ. ನಾಲ್ಕು ಸೆಕೆಂಡು, ಬರೀ ಮುಂಗೈ.
'ಸಾಮ್ರಾಜ್ಯ ಹೋಯಿತು, ಗತ್ತು ಹೋಗಲಿಲ್ಲ'
ಎಂಟು ವರ್ಷದಿಂದ ಹೇಳುತ್ತಿರುವ ವಾಕ್ಯ.
ಹನ್ನೊಂದು ಪೆನ್ನು ಬರೆದುಕೊಂಡವು.
ಅಲ್ಲ, ಹತ್ತು.
ರೇವತಿ ಪಿಸೆ ಬರೆಯಲಿಲ್ಲ.

'ಸರ್, ಇನ್ನೊಮ್ಮೆ ಹಾಕಿ.'
ಹಾಕಿದೆ. ಮತ್ತೊಮ್ಮೆ.
ಎದ್ದು ಬಂದು, ಪ್ರೊಜೆಕ್ಟರಿನ ಬೆಳಕು ಬೆನ್ನಿಗೆ ಬಿದ್ದು,
ಗೋಡೆಯ ಮೇಲಿನ ಆ ದೈತ್ಯ ತೋಳಿಗೆ ಬೆರಳಿಟ್ಟಳು:

'ಇದು ಮಿಷನ್ ಕಾಜಾ ಅಲ್ಲ ಸರ್, ಕೈ ಕಾಜಾ.
ಅಂಚು ನೋಡಿ, ಸಾಸಿವೆ ಜೋಡಿಸಿದ ಹಾಗೆ ಗಂಟು.
ನಮ್ಮಲ್ಲಿ ತೋಳಿನ ಗುಂಡಿ ಬರೀ ಷೋಕಿಗೆ,
ಬಟ್ಟೆ ಸೀಳೋದೇ ಇಲ್ಲ. ಇದು ಸೀಳಿ ಮಾಡಿದ್ದು.
ಅಮ್ಮನಿಗೆ ಇಂಥದ್ದೊಂದಕ್ಕೆ ಅರ್ಧ ಗಂಟೆ ಬೇಕು.
ತೋಳಿಗೆ ನಾಲ್ಕು. ಎರಡು ತೋಳಿಗೆ ಎಂಟು.
ಆಮೇಲೆ ಕೋಟು ಒಂದೇ ಇರಲ್ಲ.
ಬಿದ್ದಾಗ ಹರಿಯೋದೊಂದು, ಧೂಳಿಂದೊಂದು, ರಕ್ತದ್ದೊಂದು,
ಡೂಪಿಗೆ ಬೇರೆ ಅಳತೆ.
ಇಪ್ಪತ್ತು ಅಂದ್ಕೊಂಡ್ರೂ ನೂರ ಅರವತ್ತು ಕಾಜಾ.
ನಿನ್ನೆ ಫೋನಲ್ಲಿ ಕೊನೆಯ ಅಕ್ಷರದವರೆಗೂ ನೋಡಿದೆ.
ಕಾರಿನ ಕಂಪನಿ ಇತ್ತು, ಗಡಿಯಾರದ್ದಿತ್ತು,
ಕುದುರೆಗೆ ಮೇವು ಹಾಕಿದವನ ಹೆಸರೂ ಇತ್ತು.'

ಅಷ್ಟು ಹೇಳಿ ಹೋಗಿ ಕೂತಳು.

ಭದ್ರಾವತಿಯ ಮುರುಗೇಶ ಕೈಯೆತ್ತಿದ.
'ಪಾಳುಬಿದ್ದ ಕಾರ್ಖಾನೆ ಸೀನಲ್ಲಿ ವಾಚ್‌ಮನ್‌ಗಳು ಹದಿನೇಳು.
ಎಲ್ಲ ಸತ್ತರು. ಮುಖ ಕಂಡಿದ್ದು ಒಬ್ಬನದು,
ಹದಿಮೂರು ಫ್ರೇಮು.
ಟಿಫಿನ್ ಡಬ್ಬಿಯ ಮುಚ್ಚಳ ಹಾಕುತ್ತಿದ್ದ.'
ಬೀಗ ಬಿದ್ದ ಗೇಟಿಗೆ ಅವನಪ್ಪ ಈಗಲೂ
ರಾತ್ರಿ ಪಾಳಿ ಕಾಯುವುದನ್ನು ಅವನು ಹೇಳಲಿಲ್ಲ.
ನನಗೆ ಗೊತ್ತಿತ್ತು.
ಹಾಜರಾತಿ ಕಮ್ಮಿಯಾದಾಗ ಬಂದು ಸಹಿ ಹಾಕಿದ್ದರು,
ಹಗಲಲ್ಲೂ ಜೇಬಿನಲ್ಲಿ ಟಾರ್ಚು.

ಇಂಟರ್ನಲ್ ಅಂಕದ ಹಾಳೆಯಲ್ಲಿ ಕಾಲಂಗಳು:
ಸಿದ್ಧಾಂತ, ಪರಿಭಾಷೆ, ಆಕರ.
ಆಕರದ ಜಾಗದಲ್ಲಿ ರೇವತಿ ಬರೆದಿದ್ದಳು:
ಅಮ್ಮ, ಗಾಂಧಿ ಬಜಾರ್, ಬಳೆ ಅಂಗಡಿಯ ಮೇಲಿನ ಮಹಡಿ.
ಹತ್ತಕ್ಕೆ ಏಳು ಕೊಟ್ಟೆ.
ಪುಟಸಂಖ್ಯೆ ಇರಲಿಲ್ಲ.

ಬೆಳಿಗ್ಗೆ ಅಂಗಡಿಯಲ್ಲಿ ಕೂತು ಬಂದಿದ್ದಳೇನೋ,
ಬೆರಳಿಗೆ ಮಾರ್ಕಿಂಗ್ ಚಾಕಿನ ನೀಲಿ ಹತ್ತಿತ್ತು.
ಗೋಡೆಯ ಮೇಲೆ ಒಂದು ಗೆರೆ ಉಳಿದುಬಿಟ್ಟಿದೆ,
ಕಾಜಾದಷ್ಟೇ ಉದ್ದ.
ಸುಣ್ಣ ಬಳಿಯಲು ಬಜೆಟ್ ಬಂದಿಲ್ಲ.
ಈ ವರ್ಷದವರಿಗೆ ಯಾವ ಸಿನಿಮಾ ಹಾಕಿದರೂ
ಅದು ಒಳಗೆ ಬಂದು ನಿಲ್ಲುತ್ತದೆ:
ಮಂತ್ರಿಯ ಹಣೆಯಲ್ಲಿ, ಬಾಂಬಿನ ಪಕ್ಕ,
ಒಮ್ಮೆ ಬರೀ ಹಿಮದ ಮೇಲೆ, ಬಹಳ ಹೊತ್ತು.

ಸರ್ ಅದೇನು ಕಲೆ, ಲೆನ್ಸ್ ಒರೆಸಲಾ,
ಮೊನ್ನೆ ಯಾರೋ ಕೇಳಿದರು.
ಲೆನ್ಸಿನಲ್ಲಿಲ್ಲ, ಎಂದೆ.
ಅಲ್ಲಿಂದಲೇ ಎಣಿಸಲು ಶುರುಮಾಡಿ.