ತಗಡಿನ ಗುಡುಗು

ದುರ್ಗದಬೈಲಿನ ಹಿಂದ, ಬಳಿ ಅಂಗಡಿ ಮ್ಯಾಲೆ
ಎಂಟು ಫೂಟು, ಹತ್ತು ಫೂಟು ನನ್ನ ಸ್ಟುಡಿಯೋ.
ಗೋಡಿಗೆ ತತ್ತಿಯ ಟ್ರೇ, ಬಾಗಲಕ್ಕ ಹಳೇ ಕೌದಿ.
ಇಷ್ಟು ವರ್ಷ ಇಲ್ಲಿ ನಾ ಹಿಡದಿಟ್ಟದ್ದು
ಸೀರಿ ಸೇಲಿನ ಕೂಗು, ಕಳದ ಎಮ್ಮಿಯ ಸುದ್ದಿ,
ವಾರ್ಡಿನ ಹುರಿಯಾಳಿನ ಎರಡು ನಿಮಿಷದ ವಿನಯ.

ಒಂದು ಸಂಜಿ ನಾಲ್ಕು ಮಂದಿ ಮೆಟ್ಟಲಾ ಹತ್ತಿ ಬಂದ್ರು.
'ಆಲ್ಬಮ್ ಮಾಡೂದೈತ್ರಿ. ಹೆಸರು: ಉಕ್ಕಿನ ಗಂಡಭೇರುಂಡ.'
ಭಕ್ತಿಗೀತಿ ಏನ್ರಪಾ?
'ಅಲ್ರಿ. ಪವರ್ ಮೆಟಲ್.'

ಡ್ರಮ್ಮಿಗೆ ಮಕ್ತುಂ, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್,
ದಿನಾ ಎಂಟು ತಾಸು ಕಬ್ಬಿಣ ಬಡದೂ ಸಾಲದಾಂವ.
ಗಿಟಾರಿಗೆ ಗದಗ ರೋಡ್ ಕ್ವಾರ್ಟರ್ಸಿನ ಎಸ್ತರ್,
ಹತ್ತು ಬೆರಳಿಗೆ ಇಪ್ಪತ್ತು ಬೆರಳಿನ ಅವಸರ.
ಕೀಬೋರ್ಡಿಗೆ ಅಣ್ಣಿಗೇರಿ ಗುರುಸಿದ್ದ;
ಅಕ್ಕಿಕಾಳ ಬೀಳೂ ಹೊತ್ತಿಗೆ ಯುದ್ಧದ ಕಹಳಿ ಬಾರಿಸಿ
ಲಗ್ನದ ಆರ್ಕೆಸ್ಟ್ರಾದಿಂದ ಹೊರಗ ಬಿದ್ದಾಂವ.
ಹಾಡೂದಕ್ಕ ಫಕ್ಕೀರೇಶ, ಹುಬ್ಬಳ್ಳಿ ಧಾರವಾಡ ಬಸ್ಸಿನ ಕಂಡಕ್ಟರ್.
ಅವನ ಕಥಿ ಕೇಳ್ರಿ:

ಉಣಕಲ್ ಕೆರಿ ತಳದಾಗ ಏಳು ತಲಿಯ ಬೆಂಕಿಹಾವು.
ಭೈರಿದೇವರಕೊಪ್ಪದಾಗ ಖಡ್ಗಕ್ಕ ಸಾಣಿ.
ಸತ್ತೂರು ಅಂದ್ರ ಸತ್ತವರ ಊರು,
ಅಲ್ಲಿ ಎಲುಬಿನ ಸೈನ್ಯ, ಎಲುಬಿನ ಕುದರಿ, ಎಲುಬಿನ ಕಣ್ಣೀರು.
ನವಲೂರಿನ ಪೇರಲದಾಗ ಅಮೃತ.
ಟೋಲ್ ನಾಕಾದಾಗ ಯಮ ನಿಂತಾನ, ಚಿಲ್ಲರೆ ಕೇಳತಾನ.

ನಾ ನಕ್ಕೆ.
ಎಸ್ತರ್ ಗಿಟಾರಿನ ತಂತಿ ಬಿಗಿತಾ ಅಂದಳು:
'ನಗೂ ಬರತದ ಅಂತ ಗೊತ್ತೈತ್ರಿ. ಅದಕ್ಕಽ ಮಾಡೇವಿ.
ಆದ್ರ ಒಳಗ ಬಂದು ನಗ್ರಿ,
ಹೊಸ್ತಿಲದಾಗ ನಿಂತು ಬ್ಯಾಡ.'

ಹನ್ನೊಂದು ರಾತ್ರಿ. ನಾ ಇಳಸ್ರಿ ಅಂದೆ, ಅವರು ಏರಸ್ರಿ ಅಂದ್ರು.
ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ಸಂಸಾರ ಹೂಡಿತು.
ಫಕ್ಕೀರೇಶನ ದನಿ ಮ್ಯಾಲೇರಿ, ಮತ್ತೂ ಮ್ಯಾಲೇರಿ,
ಇನ್ನೇನು ಹರೀತು ಅನ್ನೂದ್ರಾಗ
'ಹಿಂದ ಸರೀರಿ, ಹಿಂದ ಸರೀರಿ' ಅನ್ನೂ ರೂಢಿಯಲೇ
ಆಕಾಶಾನ ನಾಕು ಹೆಜ್ಜಿ ಹಿಂದ ಸರಸ್ತಿತ್ತು.

ಹಾವು ಸಾಯೂ ಜಾಗಾಕ ಗುಡುಗು ಬೇಕಾತು.
ನನ್ನ ಕಂಪ್ಯೂಟರಿನ್ಯಾಗ ಅರವತ್ನಾಲ್ಕು ಗುಡುಗು.
ಎಲ್ಲಾ ಕೇಳಿ ಮಕ್ತುಂ ತಲಿ ಅಲ್ಲಾಡಿಸಿದ:
'ಇವೆಲ್ಲಾ ಖರೇ ಗುಡುಗು ಅದಾವ್ರಿ. ಖರೇದು ಸಾಲಾಂಗಿಲ್ಲ.'

ಆವತ್ತು ನಿದ್ದಿ ಹತ್ತಲಿಲ್ಲ.

ನಮ್ಮಪ್ಪ ನಾಟಕ ಕಂಪನಿಯಾಗ ಮೂವತ್ತು ವರ್ಷ ಗುಡುಗಾಗಿದ್ದ.
ಪರದೆ ಹಿಂದ ಆಳೆತ್ತರದ ತಗಡು ಹಿಡಕೊಂಡು
ರಾಜನ ಸಿಟ್ಟಿಗೆ ಒಂದು, ರಾಣಿಯ ಶಾಪಕ್ಕ ಎರಡು.
ಹ್ಯಾಂಡ್‌ಬಿಲ್ಲಿನ್ಯಾಗ ಹಾಸ್ಯ ಇತ್ತು, ಹಾರ್ಮೋನಿಯಂ ಇತ್ತು,
ಗ್ಯಾಸ್‌ಬತ್ತಿ ಹಚ್ಚಾಂವನ ಹೆಸರು ಸೈತ ಇತ್ತು.
ಸಾಲ್ಯಾಗ ಮಾಸ್ತರು ಕೇಳಿದಾಗ ನಾ
ನಮ್ಮಪ್ಪ ಗುಮಾಸ್ತ ಅಂದಿದ್ದೆ.
ಅವತ್ತಿಂದ ನನ್ನ ದನಿ ಸಣ್ಣದು.

ಆ ತಗಡು ಈಗ ನೀರಿನ ಟಾಕಿ ಮ್ಯಾಲೆ, ಪಾರಿವಾಳದ ಹಿಕ್ಕಿ ಹೊತ್ತು.
ಇಳಿಸಿದೆ. ತೊಳದೆ. ಎರಡು ಅಂಚಿಗೆ
ಅಪ್ಪ ಸುತ್ತಿದ ಧೋತರದ ಚಿಂದಿ ಇನ್ನೂ ಬಿಗಿಯಾಗಿತ್ತು,
ನನ್ನ ಕೈಗೆ ಅಗದಿ ಬರೋಬ್ಬರಿ.

ಮೈಕಿನ ಮುಂದ ನಿಂತು ಅಲ್ಲಾಡಿಸಿದೆ.
ತತ್ತಿಯ ಟ್ರೇ ಉದುರಿದವು. ಕೌದಿ ಬಿತ್ತು.
ಕೆಳಗ ಅಂಗಡಿಯಾಗ ಡಜನ್ನುಗಟ್ಟಲೆ ಬಳಿ
ಒಮ್ಮಿಗೇ ಘಲ್ ಅಂದವು, ಬಾಳ ಹೊತ್ತು ನಿಲ್ಲಲಿಲ್ಲ.
ಬಳಿಗಾರ ಇಮಾಂಬಿ ಜಗಳಕ್ಕ ಬಂದಾಕಿ
ಬಾಗಲದಾಗ ಅವಾಕ್ಕಾಗಿ ನಿಂತಳು:
'ಏಳು ತಲಿ ಬಿದ್ದವೇನೋ?'
ಅಷ್ಟೂ ಅಳಸದ ಇಟ್ಟೇವಿ.

ನೂರು ಪೆನ್‌ಡ್ರೈವ್. ಫಕ್ಕೀರೇಶ ಬಸ್ಸಿನ್ಯಾಗ ಮಾರಿದ,
ಇಲ್ಲೀತನಕ ಮೂವತ್ತೊಂದು.
ಡಬ್ಬಿ ಮ್ಯಾಲೆ ಎರಡು ತಲಿಯ ಹಕ್ಕಿ, ಮಿಂಚು, ಉರಿಯೂ ಬಸ್ಸು,
ಹಿಂದ ಸಣ್ಣ ಅಕ್ಷರದಾಗ ಎಲ್ಲಾರ ಹೆಸರು.
ಕೊನೀ ಸಾಲು, ಗುಡುಗು: ಚನ್ನವೀರಪ್ಪ ಹೂಲಿಕಟ್ಟಿ.

ಕೈ ನಂದು. ಹೆಸರು ಅವಂದಽ ಇರಲಿ ಅಂದಿದ್ದೆ.
ಅಚ್ಚಿನ್ಯಾಗ ಕೊಂಬು ಹಾರಿ 'ಗುಡಗು' ಆಗೇತಿ.
ಆಗಲಿ. ಕೇಳತದ.