ತೋಳಿನ ತುದಿಯಲ್ಲಿ

ಸಂಜೆ ಐದರೊಳಗೆ ವಾಪಸು ಕೊಡಬೇಕು.
ತಪ್ಪಿದರೆ ನಲವತ್ತು ಡಾಲರು ದಂಡ.
ಬಾಗಿಲಿಗೆ ಚೀಟಿ ಅಂಟಿಸಿದ್ದು ನಾನೇ, ಕೆಂಪು ಶಾಯಿಯಲ್ಲಿ.
ಹತ್ತೊಂಬತ್ತು ಘಟಿಕೋತ್ಸವ ಕಂಡೆ, ಒಬ್ಬರಿಂದಲೂ ವಸೂಲು ಮಾಡಿಲ್ಲ;
ಅದು ಊರಿಗೆಲ್ಲ ಗೊತ್ತು.

ಜಿಮ್ನೇಶಿಯಮ್ಮಿನ ಹಿಂಗೋಣೆ. ಕುಸ್ತಿಚಾಪೆಗಳ ಹಳೇ ಬೆವರು.
ಹೊರಗೆ ದಕೋಟದ ಗಾಳಿ.
ಇಲ್ಲಿ ಟೋಪಿ ಎಸೆಯುವ ಶ್ರಮ ಬೇಡ,
ಅದೇ ಕಿತ್ತುಕೊಂಡು ಹೋಗುತ್ತದೆ
ಕುರಿದೊಡ್ಡಿ ದಾಟಿ, ಗೋಧಿಯ ಪ್ರಯೋಗದ ತಾಕು ದಾಟಿ
ಮುಳ್ಳುತಂತಿಗೆ ಸಿಕ್ಕಿಸುತ್ತದೆ.
ಸೋಮವಾರ ಡ್ವೇನ್ ಟ್ರ್ಯಾಕ್ಟರು ನಿಲ್ಲಿಸಿ
ಒಂದೊಂದಾಗಿ ಬಿಡಿಸಿ ತರುತ್ತಾನೆ,
ಬದನೆಕಾಯಿ ಕೊಯ್ದ ಹಾಗೆ.

ಮೂರು ದಿನ ಊರಿಗೆ ಊರೇ ಬಾತುಕೊಳ್ಳುತ್ತದೆ.
ಓಸ್ಟ್‌ಬಿ ಮುದುಕಿ ತನ್ನ ಹುಲ್ಲಿನ ಮೇಲೆ
ಕಾರಿಗೆ ಐದು ಡಾಲರು ಕೇಳುತ್ತಾಳೆ, ಚರ್ಚಿನ ಛಾವಣಿಗೆ.
ಡೇರಿಯ ಕಿಟಕಿಯಲ್ಲಿ ಐಸ್‌ಕ್ರೀಮಿಗೆ ಸಾಲು;
ಹಾಲು ಕೊಟ್ಟ ಹಸುವಿನ ಹೆಸರೂ ಹಲಗೆಯ ಮೇಲೆ,
ಈ ವರ್ಷ ಪೆಟೂನಿಯಾ.
ಅಪ್ಪಂದಿರ ಕಾಲನ್ನು ಹೊಸ ಬೂಟು ಕಚ್ಚುತ್ತದೆ.
ಮಾಂಸದ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ನೇರ ಬಂದ ತಾಯಿಯೊಬ್ಬಳು
ಮೂರನೆಯ ಸಾಲಿನಲ್ಲಿ ಕೂತಲ್ಲೇ ನಿದ್ದೆ ಹೋದಳು.
ಮಗಳ ಹೆಸರು ಕೂಗುವ ಹೊತ್ತಿಗೆ
ಪಕ್ಕದವನು, ಯಾರೋ ಏನೋ, ಮೊಣಕೈ ಮುಟ್ಟಿ ಎಬ್ಬಿಸಿ
ತಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದ.

ನನ್ನ ಕೆಲಸ ಆಮೇಲೆ.
ಬಿ.ಎ. ಗೌನಿಗೆ ಜೇಬಿಲ್ಲ.
ಎಂ.ಎ. ಗೌನಿನ ತೋಳು ಮಾತ್ರ ನೀಳ, ತುದಿ ಹೊಲಿದು ಚೀಲ,
ಯಾವ ದರ್ಜಿಯ ಕರುಣೆಯೋ.
ಕೈ ಹಾಕಿ ನೋಡದೆ ಒಂದನ್ನೂ ಒಗೆಯಲು ಕಳಿಸಿದವನಲ್ಲ.
ಪುದೀನ ಮಿಠಾಯಿ, ಕಾರಿನ ಕೀಲಿ, ಮಗುವಿನ ಒಂಟಿ ಕಾಲುಚೀಲ.
ಒಮ್ಮೆ ಗಾಜಿನ ಕೊಳವೆಯಲ್ಲಿ ಸತ್ತ ಜೀರುಂಡೆ, ಲೇಬಲ್ ಸಮೇತ.
ಒಮ್ಮೆ ಯಾರೂ ಕರೆಯದ ಭಾಷಣ, ಎಂಟು ಮಡಿಕೆ.
ಓದಿದೆ. ಚೆನ್ನಾಗಿತ್ತು.

ಈ ಸಲ ನೂರ ಹನ್ನೆರಡನೆಯ ಗೌನು, ಎಡತೋಳು ಭಾರ.
ಕರವಸ್ತ್ರದ ಗಂಟು; ಒಳಗೆ ಹಿಡಿ ಮಣ್ಣು,
ಕಪ್ಪು, ಇನ್ನೂ ತೇವ.
ರಿಜಿಸ್ಟರಿನಲ್ಲಿ: ಡೆಲ್ಫೀನ್ ಗ್ರೇಹಾರ್ನ್, ಮಣ್ಣುವಿಜ್ಞಾನ.
ಪ್ರಯೋಗದ್ದಿರಬೇಕು ಅಂದುಕೊಂಡೆ.
ಕಸದಬುಟ್ಟಿಯ ತನಕ ಕೈ ಹೋಗಿತ್ತು.

ಐದಕ್ಕೆ ಎರಡು ನಿಮಿಷವಿದೆ ಅನ್ನುವಾಗ ಓಡಿ ಬಂದಳು,
ಎತ್ತರದ ಚಪ್ಪಲಿ ಕೈಯಲ್ಲಿ;
ಹಿಂದೆ ಅಜ್ಜಿ, ಅವಸರವಿಲ್ಲದೆ.
‘ನನ್ನದೊಂದು ಗಂಟು...’
ಕೊಟ್ಟೆ. ಯಾವ ಹೊಲದ್ದು, ಅಂದೆ, ಸುಮ್ಮನೆ ಮಾತಿಗೆ.
ಅಜ್ಜಿ ಬೆರಳೆತ್ತಲಿಲ್ಲ,
ತುಟಿ ಮುಂದೆ ಮಾಡಿ ಕಿಟಕಿಯಾಚೆ ತೋರಿಸಿದಳು:
ಗಂಟೆಗೋಪುರ, ಹುಲ್ಲುಹಾಸು, ಹುಡುಗರು ಮಡಿಸುತ್ತಿದ್ದ ಮೂರು ಸಾವಿರ ಕುರ್ಚಿ.
‘ಇದೇ. ವೇದಿಕೆ ಹಿಂದೆ ಬೆಳಿಗ್ಗೆ ಅಗೆದೆ.
ಹತ್ತುವಾಗ ಜೊತೆಗಿರಲಿ ಅಂತ.’

ಉಂಬಳಿ ನೆಲ ಅನ್ನುತ್ತದೆ ಕಂಚಿನ ಫಲಕ.
ಸರ್ಕಾರ ಕೊಟ್ಟದ್ದು, ರೈತಮಕ್ಕಳ ಓದಿಗೆ.
ಸುಳ್ಳಲ್ಲ. ನನ್ನಪ್ಪ ಇಲ್ಲೇ ಹಂದಿ ಸಾಕುವುದು ಕಲಿತ,
ನನಗೆ ಅನ್ನ ಇಲ್ಲೇ.
ಶುಕ್ರವಾರ ಶುಕ್ರವಾರ ಪಾಲಿಶ್ ಹಚ್ಚುತ್ತೇನೆ.
ಕೊಟ್ಟವರ ಹೆಸರಿದೆ, ಪಡೆದವರ ಹೆಸರಿದೆ;
ಯಾರದನ್ನು ಎತ್ತಿ ಕೊಟ್ಟರು ಎಂಬ ಒಂದು ಸಾಲಿಗೆ
ಕಂಚು ಸಾಲಲಿಲ್ಲವೋ ಏನೋ.
ಉಜ್ಜಿ ಉಜ್ಜಿ ಆ ಜಾಗದಲ್ಲೀಗ
ನನ್ನ ಮೂಗು ಕಾಣುತ್ತದೆ.

ಗೋಪುರ ಐದು ಹೊಡೆಯಿತು.
ಹೊರಡುತ್ತಿದ್ದ ಅಜ್ಜಿ ಬಾಗಿಲಲ್ಲಿ ನಿಂತು
ಕನ್ನಡಕ ಸರಿಮಾಡಿ ಚೀಟಿ ಓದಿದಳು, ಗಟ್ಟಿಯಾಗಿ,
ಅಕ್ಷರ ಅಕ್ಷರವಾಗಿ:
ವಾಪಸು ಕೊಡಬೇಕು.
ನಕ್ಕಳು. ಮೊಮ್ಮಗಳಿಗೂ ನಗು ತಡೆಯಲಿಲ್ಲ.
ನನಗೆ ತಡವಾಗಿ ತಿಳಿಯಿತು, ಕಿವಿ ಬಿಸಿಯಾಯಿತು.

ಐಸ್‌ಕ್ರೀಮಿನ ಸಾಲಿಗೆ ಹೋದರು ಇಬ್ಬರೂ.
ಮೇಜಿನ ಮೇಲೆ ಚಿಟಿಕೆ ಮಣ್ಣು. ಬಟ್ಟೆ ಹಿಡಿದೆ, ಬಿಟ್ಟೆ.
ಐದೂ ಹತ್ತಕ್ಕೆ ಹುಡುಗನೊಬ್ಬ ಗೌನು ಬಗಲಲ್ಲಿ ಅಮುಕಿಕೊಂಡು
ತಡವಾಯ್ತೇ ಅಂದ.
ಆಯ್ತು, ಅಂದೆ,
ಬಾ ಒಳಗೆ.