ಮೂರು ಕೂದಲಿನ ದಪ್ಪ

ಎರಡು ಅಂಕ ಕಳೆದವನು ನಾನೇ.
ಟೊಲೀಡೊದಲ್ಲಿ, ಏಪ್ರಿಲ್‌ನ ಒಂದು ಶನಿವಾರ,
ಮಾಜಿ ಸೈನಿಕರ ಸಭಾಂಗಣ, ಬಿಳಿ ಕಾಗದ ಹಾಸಿದ ಹನ್ನೊಂದು ಮೇಜು,
ಕಾಫಿಯೊಳಗೂ ಥಿನ್ನರಿನ ವಾಸನೆ.
ನಾನು ತೀರ್ಪುಗಾರ; ಅದಕ್ಕೆ ಮೊದಲು
ಮೂವತ್ತೆಂಟು ವರ್ಷ ಹಲ್ಲಿನ ಡಾಕ್ಟರು.
ಬಾಯಿಯೊಳಗೆ ತೂರಿಸುತ್ತಿದ್ದ ಆ ಪುಟ್ಟ ಕನ್ನಡಿಯಲ್ಲೇ ಈಗ
ಕಾರುಗಳ ಹೊಟ್ಟೆ ನೋಡುತ್ತೇನೆ:
ಸೈಲೆನ್ಸರಿಗೆ ತುಕ್ಕಿನ ಬಣ್ಣ ಬಿದ್ದಿದೆಯೆ,
ಬ್ರೇಕಿನ ಕೊಳವೆ ಎಲ್ಲಿ ಹೊರಟು ಎಲ್ಲಿ ಸೇರಿತು,
ಅಂಟು ಎಲ್ಲಾದರೂ ಜೊಲ್ಲು ಸುರಿಸಿದೆಯೆ.

ಹದಿನಾಲ್ಕನೆಯ ನಂಬರು: ಐವತ್ತೊಂದರ ಹಡ್ಸನ್,
ಇಪ್ಪತ್ತೈದರಲ್ಲೊಂದು ಪಾಲು, ಗೇಣುದ್ದ, ಕಡುಗೆಂಪು.
ಕಟ್ಟಿದವನು ಕ್ಯಾಸಿಮಿರ್ ವೋಯ್ಟನ್, ಊರು ಹ್ಯಾಮ್‌ಟ್ರಾಮಿಕ್,
ಎಂಬತ್ತೊಂದು ವಯಸ್ಸು, ಕಿವಿಯಲ್ಲಿ ಯಂತ್ರ.

ಆ ಕಿಟ್ಟು ನಮಗೆಲ್ಲ ಗೊತ್ತಿದ್ದದ್ದೇ.
ಅದರ ಟಾಪು ಎತ್ತರ, ಒಂದೇ ಒಂದು ಮಿಲಿಮೀಟರು.
ಏನು ಮಹಾ ಅನ್ನಬೇಡಿ,
ಇಲ್ಲಿಯ ಮಿಲಿಮೀಟರು ಅಲ್ಲಿ ಒಂದಿಂಚು;
ಒಂದಿಂಚಿಗೇ ಆ ಕಾರು
ಅಣ್ಣನ ಟೋಪಿ ಹಾಕಿಕೊಂಡ ಹುಡುಗನಾಗುತ್ತದೆ.
ಹಲವರು ಹಾಗೇ ಬಿಟ್ಟರು. ವೋಯ್ಟನ್ ಬಿಡಲಿಲ್ಲ.
ಕಂಬಗಳನ್ನು ಕೊಯ್ದು, ಟಾಪು ಇಳಿಸಿ, ಪುಟ್ಟಿ ಮೆತ್ತಿ ಉಜ್ಜಿ,
ಮತ್ತೆ ಮೆತ್ತಿ, ನೀರು ಹಾಕಿ ಉಜ್ಜಿ,
ಒಂದೇ ಅಕ್ಷರ ನೂರು ಸಲ ತಿದ್ದುವ ಮಗುವಿನ ಹಾಗೆ.

ಬಲಗಡೆ ನೋಡಿದೆ. ಉಸಿರು ಹಿಡಿದೆ.
ಎಡಗಡೆ ಬಂದೆ.
ಟಾಪು ಹಿಂಬದಿಯ ಪಕ್ಕೆಗೆ ಇಳಿಯುವಲ್ಲಿ
ಒಂದು ತಗ್ಗು. ಮೂರು ಕೂದಲಿನ ದಪ್ಪ.
ಟಾರ್ಚು ಅಡ್ಡ ಹಿಡಿದರೆ ಬೆಳಕು ಅಲ್ಲಿ ಕಾಲು ಜಾರುತ್ತದೆ.
ಚೀಟಿಯಲ್ಲಿ ಬರೆದೆ:
'ಎಡ ಬಲ ಸಮವಿಲ್ಲ. ಎರಡು ಅಂಕ ವಜಾ.'
ಬಹುಮಾನ ಬ್ಯಾಟಲ್ ಕ್ರೀಕಿನ ಹುಡುಗನ ಪಿಕಪ್ಪಿಗೆ ಹೋಯಿತು.

ಸಂಜೆ ಚೀಟಿ ಹಿಡಿದು ಬಂದ.
ಜಗಳ ಎಂದುಕೊಂಡೆ; ಪ್ರತಿ ವರ್ಷ ಒಬ್ಬಿಬ್ಬರು ಇದ್ದೇ ಇರುತ್ತಾರೆ.
"ಎಷ್ಟು ತಗ್ಗು ಅನ್ನಿಸಿತು, ಡಾಕ್ಟರೇ?"
"ಕಾಲು ಮಿಲಿಮೀಟರು."
"ಕಾಲಿಂಚು," ಎಂದ,
ಕೊಟ್ಟ ಸಾಲ ವಾಪಸು ಬಂದವನ ಮುಖ ಮಾಡಿಕೊಂಡು.

ಏಡ್ರಿಯನ್ನಿನ ಆಚೆ ಯಾರದೋ ಕೊಟ್ಟಿಗೆಯಲ್ಲಿ
ಹುಲ್ಲಿನ ಪಿಂಡಿಗಳ ಹಿಂದೆ ಒಂದು ಹಡ್ಸನ್ ನಿಂತಿದೆಯಂತೆ,
ಬಾನೆಟ್ಟಿನ ಮೇಲೆ ಕೋಳಿ ಮಲಗುತ್ತವಂತೆ.
ಟೇಪು, ತೂಗುಗುಂಡು, ರಟ್ಟು ಹೊತ್ತುಕೊಂಡು
ಮೂರು ಭಾನುವಾರ ಅಳೆದನಂತೆ.
ಬಲಗಡೆ ಸರಿ. ಎಡಗಡೆ ಕಾಲಿಂಚು ಇಳಿದಿದೆ.
ಆಗೆಲ್ಲ ಬೆಸುಗೆಯ ಗೆರೆ ಮುಚ್ಚಲು ಸೀಸ ಕರಗಿಸಿ ತುಂಬುತ್ತಿದ್ದರು,
ಮರದ ಸಟ್ಟುಗದಲ್ಲಿ ಬಳಿದು, ಅರ ಹಿಡಿದು ತಿದ್ದಿ,
ಲೈನಿನ ಈ ಬದಿಗೊಬ್ಬ, ಆ ಬದಿಗೊಬ್ಬ.

"ಎಡಬದಿ ಅಪ್ಪನದು.
ಕೊನೆಯ ವರ್ಷ ಮಣಿಕಟ್ಟು ಜೋತುಬಿತ್ತು.
ಸೂಪಿನ ಚಮಚ ತುಟಿಗೆ ಬರುವಷ್ಟರಲ್ಲಿ ಬರಿದು.
ಬಾಯೆಲ್ಲ ಸಿಹಿ ಅನ್ನುತ್ತಿದ್ದ,
ಉಪ್ಪಿನಲ್ಲಿ ಹಾಕಿಟ್ಟ ಸೌತೆಯೂ ಸಿಹಿ."

ದಿನಕ್ಕೆ ನೂರಾರು ಕಾರು, ಎಷ್ಟೋ ಕೈ.
ಇದೇ ಆ ಕೈಯೆ, ನಾನು ಕೇಳಲಿಲ್ಲ.

"ಮೊದಲು ಎರಡೂ ಕಡೆ ಸಮ ಮಾಡಿದ್ದೆ.
ನಿಮ್ಮ ಬಹುಮಾನ ಬರುವಷ್ಟು ಚೆನ್ನಾಗಿತ್ತು.
ಆಮೇಲೆ ಎಡಗಡೆ ಮತ್ತೆ ಉಜ್ಜಿದೆ.
ಏಳು ರಾತ್ರಿ ಬೇಕಾಯಿತು, ಸರಿ ಇದ್ದದ್ದನ್ನು ತಪ್ಪು ಮಾಡಲು."

ಅಂಕ ತಿದ್ದಲೇ, ಎಂದೆ.
ಬೇಡವೇ ಬೇಡ, ಎಂದು ಚೀಟಿ ಮಡಚಿ ಅಂಗಿಯ ಜೇಬಿಗೆ ಹಾಕಿದ.
"ಕಂಡಿರಿ. ಬರೆದಿರಿ. ಸಹಿ ಇದೆ."
ಹೊರಗೆ ಮುಂದಿನ ಸೀಟಿನಲ್ಲಿ ಕೇಕಿನ ಡಬ್ಬಿಯಿಟ್ಟು,
ಬೆಲ್ಟು ಬಿಗಿದು, ಹೊರಟ.

ಮೂವತ್ತೆಂಟು ವರ್ಷ ನಾನೂ ತುಂಬಿದವನೇ,
ಬಾಯಿ ಬಾಯಿಗೆ, ಬೆಳ್ಳಿ ಪಾದರಸ ಅರೆದು.
ಸ್ಯಾಂಡಸ್ಕಿಯಲ್ಲೋ ಲೈಮಾದಲ್ಲೋ ಯಾವುದೋ ದವಡೆಯಲ್ಲಿ
ಒಂದು ಶುಕ್ರವಾರ ಸಂಜೆಯ ದಣಿದ ನನ್ನ ಕೈ
ಇನ್ನೂ ಜಗಿಯುತ್ತಿರಬೇಕು,
ಕೂದಲೆಳೆಯಷ್ಟು ಎತ್ತರವಾಗಿ.